ಒಂದು ಹಿಡಿ, ಇಲ್ಲಾ ಒಂದು ಮೂಟೆ

ಪೇಟೆಯ ತರಕಾರಿಗೆ ಕಾಲು ಕೆಜಿ, ಅರ್ಧ ಕೆಜಿ ಎಂಬ ಲೆಕ್ಕ ಇದೆ. ಹಿತ್ತಲಿಗೆ ಆ ಲೆಕ್ಕ ಗೊತ್ತಿಲ್ಲ. ಅದು ಕೊಟ್ಟರೆ ಒಂದು ಹಿಡಿ ಕೊಡುತ್ತದೆ, ಇಲ್ಲಾ ಒಂದು ಮೂಟೆ ಕೊಡುತ್ತದೆ. ಇವತ್ತು ಹೋಗಿ ನೋಡಿದರೆ ನಾಲ್ಕು ಬೆಂಡೆಕಾಯಿ, ಒಂದು ಬದನೆಕಾಯಿ, ಬೇಲಿ ಪಕ್ಕ ತಾನಾಗಿಯೇ ಹುಟ್ಟಿದ ಒಂದಿಷ್ಟು ಸೊಪ್ಪು. ಅದೇ ಜಾಗದಲ್ಲಿ ಇನ್ನು ಕೆಲವು ವಾರಕ್ಕೆ ಸೀಮೆಬದನೆ ಬಳ್ಳಿ ಚಪ್ಪರ ಜಗ್ಗುವಷ್ಟು ಕಾಯಿ ಬಿಟ್ಟಿರುತ್ತದೆ. ತಿನ್ನೋರು ಯಾರು ಅಂತ ಹುಡುಕಬೇಕು. ನಾಲ್ಕು ಜನಕ್ಕೆ ಒಂದು ಹೊತ್ತಿಗೆ ಸರಿಯಾಗುವಷ್ಟು ಬೀನ್ಸ್ ಒಂದೇ ದಿನ ಬಲಿತು ಕೈಗೆ ಸಿಗುವುದು ಅಪರೂಪ.

ಯೂಟ್ಯೂಬಿನ ಅಡುಗೆಗಳು ನನಗೆ ಉಪಯೋಗಕ್ಕೆ ಬಾರದೇ ಇರುವುದಕ್ಕೆ ಕಾರಣ ಇದೇ. "ಕಾಲು ಕೆಜಿ ಬೆಂಡೆಕಾಯಿ ತಗೊಳ್ಳಿ" ಅಂತ ಶುರುವಾದರೆ ನಾನು ಅಲ್ಲಿಗೇ ನಿಲ್ಲಬೇಕು. ನಮ್ಮ ಕಡೆಯ ಹಳೇ ಅಡುಗೆಗಳು ಹಾಗಲ್ಲ. ಬಸ್ಸಾರು, ಉಪ್ಸಾರು, ತಂಬುಳಿ, ಗೊಜ್ಜು, ಮಜ್ಜಿಗೆ ಹುಳಿ, ಇವನ್ನೆಲ್ಲ ನಾವು ಸುಮ್ನೆ 'ಸರಳ ಅಡುಗೆ' ಅಂದುಬಿಡುತ್ತೇವೆ. ಬಡತನದ ಅಡುಗೆ ಅನ್ನುವವರೂ ಇದ್ದಾರೆ. ನನಗೆ ಅನ್ನಿಸುವುದು ಬೇರೆ. ಹಿಡಿಯಷ್ಟು ಸಿಕ್ಕಾಗ ಅದನ್ನು ಮನೆಮಂದಿಗೆಲ್ಲ ಮುಟ್ಟಿಸುವುದು ಹೇಗೆ, ಮೂಟೆಯಷ್ಟು ಬಂದಾಗ ಬೇಸರ ಬಾರದ ಹಾಗೆ ಮುಗಿಸುವುದು ಹೇಗೆ, ಈ ಎರಡೇ ಪ್ರಶ್ನೆಗೆ ಹುಟ್ಟಿಕೊಂಡ ಅಡುಗೆಗಳು ಇವು.

ನಮ್ಮ ಮನೆ ಹಾಸನದ ಹೊರಗಿನ ಬಡಾವಣೆಯಲ್ಲಿದೆ. ಹಿತ್ತಲು ಅಂದರೆ ದೊಡ್ಡದೇನಲ್ಲ. ಮನೆ ಹಿಂದೆ ಒಂದು ಪಟ್ಟಿ, ಜೊತೆಗೆ ಪಕ್ಕದ ಖಾಲಿ ಸೈಟು. ಸೈಟಿನ ಯಜಮಾನರು ಬೆಂಗಳೂರಿನಲ್ಲಿದ್ದಾರೆ. "ಪಾರ್ಥೇನಿಯಂ ಬೆಳೆಯೋ ಬದಲು ನೀವೇ ಏನಾದ್ರೂ ಹಾಕ್ಕೊಳ್ಳಿ" ಅಂದಿದ್ದಾರೆ. ಅವರು ಮನೆ ಕಟ್ಟುವವರೆಗೆ ನಮ್ಮದೇ ರಾಜ್ಯ.

ಹಾಸನ ಜಿಲ್ಲೆಯ ಒಂದು ತುದಿ ಬಯಲುಸೀಮೆ, ಇನ್ನೊಂದು ತುದಿ ಮಲೆನಾಡು. ಅರಸೀಕೆರೆ ಕಡೆ ತೆಂಗು, ರಾಗಿ, ಹುರಳಿ. ಸಕಲೇಶಪುರದ ಕಡೆ ಹೋದರೆ ಕಾಫಿ, ಏಲಕ್ಕಿ, ಕಾಳುಮೆಣಸು. ನಮ್ಮ ಅಡುಗೆಮನೆಯಲ್ಲಿ ಈ ಎರಡೂ ತುದಿ ಸೇರಿವೆ. ಅತ್ತೆ ಅರಸೀಕೆರೆ ಕಡೆಯವರು. ನನ್ನ ತವರು ಮೂಡಿಗೆರೆ ಹತ್ತಿರ, ಚಿಕ್ಕಮಗಳೂರು ಜಿಲ್ಲೆ. ಅತ್ತೆಗೆ ಮುದ್ದೆ ಇಲ್ಲದೆ ಊಟ ಅಲ್ಲ. ಅಮ್ಮನಿಗೆ ಅಕ್ಕಿ ರೊಟ್ಟಿ, ಕಡುಬು. ಸೊಪ್ಪು ಅಂದರೆ ಒಬ್ಬರಿಗೆ ಹೊಲದಲ್ಲಿ ರಾಗಿ ಪೈರಿನ ನಡುವೆ ಬರುವುದು, ಇನ್ನೊಬ್ಬರಿಗೆ ತೋಡಿನ ಪಕ್ಕ ನೀರು ಜಿನುಗುವ ಕಡೆ ಬರುವುದು. (ನಾವು ಸಸ್ಯಾಹಾರಿಗಳೇನಲ್ಲ. ಭಾನುವಾರದ ಕಥೆ ಬೇರೆ. ಆದರೆ ವಾರದ ಉಳಿದ ದಿನ ಒಲೆ ಮೇಲೆ ಏರುವುದು ಸೊಪ್ಪು, ಕಾಯಿಪಲ್ಲೆ, ಕಾಳು ಮಾತ್ರ.)

ಮೊದಲು ಹಿಡಿಯ ವಿಷಯ ಹೇಳುತ್ತೇನೆ.

ಒಂದೇ ಜಾತಿಯ ಸೊಪ್ಪು ಸಾರಿಗಾಗುವಷ್ಟು ಸಿಗದಿದ್ದರೆ ಅತ್ತೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆರಕೆ ಸೊಪ್ಪು ಮಾಡುತ್ತಾರೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಸೆರಗು ಸಿಕ್ಕಿಸಿಕೊಂಡು ಸೈಟಿಗೆ ಇಳಿದರೆ ಅರ್ಧ ಗಂಟೆಯಲ್ಲಿ ಮಡಿಲು ತುಂಬಿರುತ್ತದೆ. ದಂಟಿನ ಕುಡಿ, ಅಣ್ಣೆ ಸೊಪ್ಪು, ಹೊನಗೊನ್ನೆ, ಗಣಿಕೆ, ಕನ್ನೆ ಸೊಪ್ಪು, ನೆಲಕ್ಕೆ ಅಂಟಿಕೊಂಡು ಬೆಳೆಯುವ ಗೋಣಿ ಸೊಪ್ಪು, ಕುಂಬಳ ಬಳ್ಳಿಯ ಎಳೇ ತುದಿ. ಇದರಲ್ಲಿ ಮುಕ್ಕಾಲು ಪಾಲು ನಾವು ಬಿತ್ತಿದ್ದಲ್ಲ. ಮಳೆ ಬಿದ್ದರೆ ತಾನಾಗಿ ಬರುವುದು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕುಡುಗೋಲು ಹಿಡಿದುಕೊಂಡರೆ ಅವರು ಹಿಂದೆಯೇ ಬರುತ್ತಿದ್ದರು. "ಅಯ್ಯೋ, ಕಳೆ ಅಂತ ಕಿತ್ತಾಕ್ಬುಟ್ಟೀಯ ಕಣವ್ವಾ, ಅದು ಅಣ್ಣೆ ಸೊಪ್ಪು" ಅಂತ. ಗಣಿಕೆಯ ವಿಷಯದಲ್ಲಿ ಮಾತ್ರ ಅವರಿಗೆ ಎಚ್ಚರ ಜಾಸ್ತಿ. ಎಳೇ ಸೊಪ್ಪು ಬೇಯಿಸಿ ತಿನ್ನಬಹುದು, ಕಪ್ಪಗೆ ಹಣ್ಣಾದ ಕಾಯನ್ನು ಮಕ್ಕಳು ತಿನ್ನುತ್ತವೆ, ಆದರೆ ಹಸಿರು ಕಾಯಿ ಬೇಡ. ಅದರಲ್ಲಿ ಹಸಿರಾದ ಆಲೂಗಡ್ಡೆಯಲ್ಲಿ ಇರುವಂಥದೇ ವಿಷ ಇದೆ. ಎರಡೂ ಒಂದೇ ಬಳಗದ ಗಿಡಗಳು.

ಒಂದು ಮಾತು. ಈ ಸೊಪ್ಪುಗಳನ್ನು ಫೋಟೋ ನೋಡಿ ಕಲಿಯುವುದಕ್ಕೆ ಹೋಗಬೇಡಿ. ಗೊತ್ತಿರುವವರ ಜೊತೆ ಒಂದು ಮಳೆಗಾಲ ಓಡಾಡಿ.

ಈ ಬೆರಕೆ ಸೊಪ್ಪು ಬಸ್ಸಾರಾಗುವ ರೀತಿ ನೋಡಿ. ಹೆಸರುಕಾಳೋ ಅಲಸಂದೆಯೋ ತೊಗರಿಬೇಳೆಯೋ, ಯಾವುದೋ ಒಂದನ್ನು ಮುಕ್ಕಾಲು ಬೇಯಿಸಿ, ಅದಕ್ಕೆ ಹೆಚ್ಚಿದ ಸೊಪ್ಪು ಹಾಕುತ್ತೇವೆ. ಬೆಂದ ಮೇಲೆ ನೀರು ಬಸಿಯುತ್ತೇವೆ. ಕೆಳಗೆ ಇಳಿದ ಕಟ್ಟು ಸಾರಿಗೆ, ಮೇಲೆ ಉಳಿದ ಸೊಪ್ಪು ಕಾಳು ಪಲ್ಯಕ್ಕೆ. ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಚೂರು ಕಾಯಿತುರಿ. ಸಾರಿಗೆ ಸುಟ್ಟ ಇಲ್ಲವೇ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಸಾರಿನ ಪುಡಿ, ಹುಣಸೆಹಣ್ಣು, ಕಾಯಿ. ಇದರ ಜೊತೆ ಬೆಂದ ಸೊಪ್ಪು ಕಾಳಿನಲ್ಲೇ ಒಂದು ಸೌಟು ಎತ್ತಿ ರುಬ್ಬಬೇಕು. ಸಾರಿಗೆ ಮೈ ಬರುವುದು ಅದರಿಂದ. ಅದನ್ನು ಬಿಟ್ಟರೆ ಸಾರು ಬರೀ ಖಾರದ ನೀರು.

ಲೆಕ್ಕ ಹಾಕಿ. ಹಸಿಯಾಗಿದ್ದಾಗ ಬುಟ್ಟಿ ತುಂಬ ಕಾಣುವ ಸೊಪ್ಪು ಬೆಂದ ಮೇಲೆ ಒಂದು ಬಟ್ಟಲಿಗೆ ಇಳಿಯುತ್ತದೆ. ಅಷ್ಟನ್ನೇ ಪಲ್ಯ ಮಾಡಿ ಬಡಿಸಿದರೆ ಎರಡು ಜನಕ್ಕೆ ಮುಗಿಯಿತು. ಬಸಿದು ಎರಡು ಮಾಡಿದರೆ ಮುದ್ದೆಗೊಂದು, ಅನ್ನಕ್ಕೊಂದು. ಮಾರನೇ ದಿನಕ್ಕೆ ಸಾರು ಉಳಿದೂ ಉಳಿಯುತ್ತದೆ. ಅದನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿಕೊಂಡರೆ ಆ ರುಚಿಯೇ ಬೇರೆ. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಸತ್ವ ಅದರಲ್ಲೇ ಹೋಗುತ್ತದೆ ಅಂತ ಈಗ ಎಲ್ಲರೂ ಹೇಳುತ್ತಾರೆ. ನೀರಿನಲ್ಲಿ ಕರಗುವ ವಿಟಮಿನ್ ವಿಷಯದಲ್ಲಿ ಅದು ನಿಜ. ನಮ್ಮಲ್ಲಿ ಆ ನೀರೇ ಸಾರು.

ಇಲ್ಲಿ ಎರಡು ಸಂಗತಿ ಯಾವ ಅಡುಗೆಯವರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈಯಲ್ಲಿ ಮಾತ್ರ ಮಾಡುತ್ತಾರೆ. ಒಂದು, ಹುಳಿ ಯಾವಾಗಲೂ ಕೊನೆಗೆ. ಕಾಳು ಬೇಯುವ ಮುಂಚೆ ಹುಣಸೆಹಣ್ಣು ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಕ್ಕೆ ಸತಾಯಿಸುತ್ತದೆ. ಇನ್ನೊಂದು, ಸೊಪ್ಪಿನ ಪಾತ್ರೆಗೆ ಮುಚ್ಚಳ ಹಾಕುವುದಿಲ್ಲ. ಸೊಪ್ಪಿನಲ್ಲೇ ಸ್ವಲ್ಪ ಹುಳಿ ಅಂಶ ಇರುತ್ತದೆ. ಕುದಿಯುವಾಗ ಅದರಲ್ಲಿ ಒಂದಷ್ಟು ಆವಿಯ ಜೊತೆ ಹೊರಗೆ ಹೋಗುತ್ತದೆ. ಮುಚ್ಚಿಟ್ಟರೆ ಒಳಗೇ ಉಳಿದು ಹಸಿರು ಬಣ್ಣವನ್ನು ಕಂದು ಮಾಡುತ್ತದೆ. ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದ ಸೊಪ್ಪಿನ ಬಣ್ಣ ನೋಡಿದ್ದೀರಲ್ಲ. ನನ್ನ ಪ್ರಕಾರ ಕುಕ್ಕರು ಕಾಳಿಗೆ ಸರಿ, ಸೊಪ್ಪಿಗೆ ಅಲ್ಲ.

ಬಸ್ಸಾರಿನ ಮಸಾಲೆಗೆ ಕಾಯಿ ಎಷ್ಟು ಅನ್ನುವುದು ನಮ್ಮ ಮನೆಯಲ್ಲಿ ತೀರದ ವ್ಯಾಜ್ಯ. ತೆಂಗಿನ ಸೀಮೆಯ ಅತ್ತೆ ಕಾಯಿಯಲ್ಲಿ ಕೈ ಬಿಗಿ ಮಾಡುತ್ತಾರೆ. ತೆಂಗು ಕಡಿಮೆ ಇರುವ ಊರಿನ ಅಮ್ಮ ಧಾರಾಳವಾಗಿ ಹಾಕುತ್ತಾಳೆ. "ಕಾಯಿ ಮಾರಕ್ಕಿರೋದು, ಅರಿಯಕ್ಕಲ್ಲ" ಅಂತ ಅತ್ತೆ ನಗುತ್ತಾರೆ. ನಾನು ಅತ್ತೆಯ ಕಡೆ. ಕಾಯಿ ಜಾಸ್ತಿಯಾದರೆ ಏಳು ಥರದ ಸೊಪ್ಪು ಹಾಕಿದರೂ ನಾಲಿಗೆಗೆ ಒಂದೇ ರುಚಿ ಸಿಗುತ್ತದೆ. ಹೊನಗೊನ್ನೆಯ ಮಣ್ಣಿನ ವಾಸನೆ, ಗಣಿಕೆಯ ಸಣ್ಣ ಕಹಿ, ಗೋಣಿ ಸೊಪ್ಪಿನ ಹುಳಿ, ಯಾವುದೂ ಗೊತ್ತಾಗುವುದಿಲ್ಲ.

ಉಪ್ಸಾರು ಇನ್ನೂ ಕಡಿಮೆ ಸರಂಜಾಮಿನದು. ಬಸಿದ ಕಟ್ಟಿಗೆ ಉಪ್ಪು ಮಾತ್ರ. ಖಾರ ಬೇರೆ. ಹಸಿಮೆಣಸಿನಕಾಯಿ ಇಲ್ಲವೇ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆದು ತಟ್ಟೆಯ ಅಂಚಿಗೆ ಇಡುತ್ತಾರೆ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಬಹುದು. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೇ ಏರ್ಪಾಡು ಇಲ್ಲ. ಒಂದೇ ಪಾತ್ರೆಯಲ್ಲಿ ಅಜ್ಜನಿಗೂ ಮೊಮ್ಮಗಳಿಗೂ ಅಡುಗೆ.

ತಂಬುಳಿಗೆ ಹಿಡಿಯೂ ಬೇಡ. ಹತ್ತು ಎಲೆ ಸಾಕು. ಇದು ಅಮ್ಮನ ಕಡೆಯಿಂದ ಬಂದದ್ದು. ದೊಡ್ಡಪತ್ರೆಯ ಎಲೆಗಳನ್ನು ಹರಿದು, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಬೇಕು. ಎಲೆ ದಪ್ಪ, ನೀರು ಜಾಸ್ತಿ. ಚೆನ್ನಾಗಿ ಬಾಡದಿದ್ದರೆ ಹಸಿ ಘಾಟು ಉಳಿಯುತ್ತದೆ. ಆರಿದ ಮೇಲೆ ಕಾಯಿತುರಿ ಜೊತೆ ನುಣ್ಣಗೆ ಅರೆದು, ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಮತ್ತೆ ಒಲೆ ಮೇಲೆ ಇಡುವ ಹಾಗಿಲ್ಲ. ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ, ಎಲೆಯ ಪರಿಮಳವೂ ಹೋಗುತ್ತದೆ. ಒಂದೆಲಗ ಆದರೆ ಬಾಡಿಸದೆ ಹಸಿಯಾಗಿಯೇ ಅರೆಯುತ್ತಾರೆ. ದಾಳಿಂಬೆ ಚಿಗುರು, ಸೀಬೆ ಚಿಗುರು, ಮೆಂತ್ಯ, ಶುಂಠಿ, ಕೊನೆಗೆ ಕಿತ್ತಳೆ ಸಿಪ್ಪೆ, ಯಾವುದರಿಂದ ಬೇಕಾದರೂ ಆಗುತ್ತದೆ. ದೊಡ್ಡಪತ್ರೆ ಶೀತಕ್ಕೆ ಒಳ್ಳೇದು, ಒಂದೆಲಗ ಬುದ್ಧಿಗೆ ಒಳ್ಳೇದು ಅಂತ ಮನೆಮನೆಯಲ್ಲೂ ಹೇಳುತ್ತಾರೆ. ನನಗೆ ಅಷ್ಟೆಲ್ಲ ಬೇಡ. ಮಧ್ಯಾಹ್ನದ ಬಿಸಿ ಅನ್ನಕ್ಕೆ ತಣ್ಣನೆ ತಂಬುಳಿ ಕಲಸಿದಾಗ ಬರುವ ರುಚಿಯೇ ಸಾಕು.

ಒಂದೇ ಬದನೆಕಾಯಿ ಸಿಕ್ಕ ದಿನ ಸುಟ್ಟ ಗೊಜ್ಜು. ಎಣ್ಣೆ ಸವರಿ ಗ್ಯಾಸಿನ ಉರಿಯ ಮೇಲೆ ಇಟ್ಟರೂ ಆಗುತ್ತದೆ. ಕೆಂಡ ಇದ್ದರೆ ಕೇಳುವುದೇ ಬೇಡ. ಸಿಪ್ಪೆ ತೆಗೆದು ಕಿವುಚಿ, ಹಸಿಮೆಣಸು, ಉಪ್ಪು, ಮೊಸರು. ಮೂಡಿಗೆರೆಯಿಂದ ತಂದ ಸೂಜಿ ಮೆಣಸಿನ ಗಿಡ ನಮ್ಮ ಗೇಟಿನ ಪಕ್ಕ ಇದೆ. ಅದರ ಎರಡು ಕಾಯಿ ನುರಿದು ಹಾಕಿದರೆ ಗೊಜ್ಜಿನ ಹೆಸರು ಊಟ ಮುಗಿದ ಮೇಲೂ ನೆನಪಿರುತ್ತದೆ.

ಹಿತ್ತಲಿನ ತರಕಾರಿ ಅಂದ ತಕ್ಷಣ ಎಲ್ಲರೂ "ಫ್ರೆಶ್ಶಾಗಿರುತ್ತೆ ಅಲ್ವಾ, ಅದಕ್ಕೇ ರುಚಿ" ಅನ್ನುತ್ತಾರೆ. ಇದು ಅರ್ಧ ಮಾತ್ರ ನಿಜ. ಕೊಯ್ದ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಅದಕ್ಕೆ ತನ್ನೊಳಗಿನ ಸಕ್ಕರೆಯನ್ನೇ ಖರ್ಚು ಮಾಡುತ್ತದೆ. ಬಟಾಣಿ, ಎಳೇ ಮುಸುಕಿನ ಜೋಳದಲ್ಲಿ ಈ ಕೆಲಸ ಬಹಳ ಬೇಗ. ಸಕ್ಕರೆ ಪಿಷ್ಟವಾಗಿ ಬದಲಾಗಿ ಸಿಹಿ ಸಪ್ಪೆಯಾಗುತ್ತದೆ. ಬೆಳಿಗ್ಗೆ ಕಿತ್ತ ಜೋಳವನ್ನು ಸಂಜೆ ಸುಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಎಳೇ ಬೆಂಡೆ, ಬೀನ್ಸ್, ಸೊಪ್ಪು ಕೂಡ ಕಿತ್ತ ದಿನವೇ ಚೆಂದ. ಟೊಮೆಟೊ ಗಿಡದಲ್ಲೇ ಬಣ್ಣ ತಿರುಗಿದ್ದರೆ ಒಳ್ಳೇದು. ಅದನ್ನು ಫ್ರಿಜ್ಜಿನಲ್ಲಿಟ್ಟರೆ ಪರಿಮಳ ಸಾಯುತ್ತದೆ. ಆದರೆ ಸಿಹಿಗುಂಬಳ? ಕಿತ್ತ ದಿನವೇ ಹುಳಿ ಮಾಡಿದರೆ ನೀರು ನೀರು. ಅಟ್ಟದ ಮೇಲೆ ಕೆಲವು ವಾರ ಕೂತರೆ ಒಳಗಿನ ಪಿಷ್ಟ ಸಕ್ಕರೆಯಾಗಿ ಸಿಹಿ ಏರುತ್ತದೆ. ಬೂದುಗುಂಬಳ ಮೈತುಂಬ ಬೂದಿ ಬಳಿದುಕೊಂಡು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಯಾವುದನ್ನು ಇವತ್ತೇ ತಿನ್ನಬೇಕು, ಯಾವುದನ್ನು ಇಟ್ಟು ತಿನ್ನಬೇಕು ಅನ್ನುವುದು ತಿಳಿದರೆ ಅರ್ಧ ಅಡುಗೆ ಕಲಿತ ಹಾಗೆ.

ಹಾಸನದ ಆಲೂಗಡ್ಡೆ ವಿಷಯ ಬಾರದೆ ಹಾಸನದವರ ಮಾತು ಮುಗಿಯುವುದಿಲ್ಲ. ಇಲ್ಲಿ ಮಳೆ ನಂಬಿ ಮೇ, ಜೂನ್ ಹೊತ್ತಿಗೆ ಬಿತ್ತನೆ. ಬಿತ್ತನೆ ಗಡ್ಡೆ ದೂರದ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ. ಅಂಗಮಾರಿ ರೋಗ ಬಿದ್ದ ವರ್ಷ ಹೊಲಕ್ಕೆ ಹೊಲವೇ ಕಪ್ಪಾಗಿ ಹೋಗುತ್ತದೆ. ಈ ಏಟು ತಿಂದೂ ತಿಂದೂ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿಕೊಂಡರು. ನಾವು ಹಾಕುವುದು ಒಂದೇ ಸಾಲು, ಸುಮ್ನೆ ಆಸೆಗೆ. ಹೊಸ ಆಲೂಗಡ್ಡೆಯ ಸಿಪ್ಪೆಯನ್ನು ಹೆರೆಯಬೇಕಿಲ್ಲ, ಹೆಬ್ಬೆರಳಿನಲ್ಲಿ ಉಜ್ಜಿದರೆ ಸಾಕು. ಗೋಲಿಯಷ್ಟು ಸಣ್ಣವನ್ನು ಇಡಿಯಾಗಿ ಬೇಯಿಸಿ, ಸಾಸಿವೆ, ಅರಿಶಿನ, ಬೆಳ್ಳುಳ್ಳಿ, ಮೆಣಸಿನಪುಡಿಯಲ್ಲಿ ಹೊರಳಿಸಿದರೆ ಅಕ್ಕಿ ರೊಟ್ಟಿಗೆ ಜೊತೆ.

ಇನ್ನು ಮೂಟೆಯ ವಿಷಯ.

ಸೀಮೆಬದನೆ ಮೆಕ್ಸಿಕೊ ಕಡೆಯ ಬಳ್ಳಿ. ನಮ್ಮ ತಂಪು ಹವೆಗೆ ಹೇಗೆ ಒಗ್ಗಿಕೊಂಡಿದೆ ಅಂದರೆ ನೆಟ್ಟವರನ್ನೇ ಹೆದರಿಸುತ್ತದೆ. ಇದಕ್ಕೆ ಬೀಜ ಬಿತ್ತುವುದಿಲ್ಲ. ಕಾಯಿಯೊಳಗೇ ಬೀಜ ಮೊಳೆತು ಬಾಯಿಂದ ಚಿಗುರು ಹಾಕುತ್ತದೆ. ಆ ಇಡೀ ಕಾಯನ್ನೇ ಅರ್ಧ ಮಣ್ಣಿಗೆ ಇಳಿಸಿದರೆ ಆಯಿತು. ಚೆನ್ನಾಗಿ ಹಬ್ಬಿದ ಒಂದು ಬಳ್ಳಿ ಒಂದು ಕಾಲಕ್ಕೆ ನೂರು ಕಾಯಿ ಬಿಟ್ಟರೂ ಆಶ್ಚರ್ಯ ಇಲ್ಲ. ರುಚಿ ಏನು ಅಂತ ಕೇಳಿದರೆ ಹೇಳುವುದಕ್ಕೆ ಕಷ್ಟ. ಇದರ ಗುಣವೂ ಅದೇ, ದೋಷವೂ ಅದೇ. ಯಾವ ಮಸಾಲೆಗೆ ಹಾಕಿದರೂ ಅದರ ರುಚಿಗೆ ತಿರುಗುತ್ತದೆ.

ಹಾಗಾಗಿ ಸೀಮೆಬದನೆ ಕಾಲದಲ್ಲಿ ಅಡುಗೆಯವರು ಮಸಾಲೆ ಬದಲಿಸಬೇಕು, ಅಷ್ಟೇ. ಒಂದು ದಿನ ಕಡಲೆಬೇಳೆ ಹಾಕಿ ಪಲ್ಯ. ಇನ್ನೊಂದು ದಿನ ಮಜ್ಜಿಗೆ ಹುಳಿ. ನೆನೆಸಿದ ಕಡಲೆಬೇಳೆ, ಕಾಯಿ, ಹಸಿಮೆಣಸು, ಜೀರಿಗೆ, ಚೂರು ಶುಂಠಿ ಅರೆದು, ಬೆಂದ ಹೋಳುಗಳಿಗೆ ಹಾಕಿ, ಕೊನೆಗೆ ಹುಳಿ ಮಜ್ಜಿಗೆ ಸುರಿದು ಒಂದು ಕುದಿ ಬರುವ ಮುಂಚೆ ಇಳಿಸುವುದು. ಮಗದೊಂದು ದಿನ ತೊಗರಿಬೇಳೆ ಹುಳಿ. ಹೆರೆದ ಸಿಪ್ಪೆಯನ್ನು ಎಸೆಯಬೇಡಿ. ಎಣ್ಣೆಯಲ್ಲಿ ಹುರಿದು ಉದ್ದಿನಬೇಳೆ, ಒಣಮೆಣಸು, ಹುಣಸೆ, ಕಾಯಿ ಜೊತೆ ರುಬ್ಬಿದರೆ ತಿರುಳಿಗಿಂತ ಸಿಪ್ಪೆಯ ಚಟ್ನಿಯೇ ರುಚಿ ಅಂತ ನನ್ನ ಖಚಿತ ಅಭಿಪ್ರಾಯ. ಬಳ್ಳಿಯ ಕುಡಿಯೂ ಪಲ್ಯಕ್ಕೆ ಬರುತ್ತದೆ, ಕುಡಿ ಮುರಿದಷ್ಟೂ ಕಾಯಿ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಅದರ ಅಂಟು ಒಣಗಿ ಚರ್ಮ ಬಿಗಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮುಗಿಯುವುದಿಲ್ಲ. ಆಗ ಬೀದಿಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಎರಡು ಮನೆಯಲ್ಲಿ ನುಗ್ಗೆ ಮರ, ಒಂದು ಮನೆಯಲ್ಲಿ ಹೇರಳೆಕಾಯಿ, ಮೂಲೆ ಮನೆಯಲ್ಲಿ ಕರಿಬೇವು. ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವ ಪದ್ಧತಿ ಇನ್ನೂ ನಡೆಯುತ್ತಿದೆ. ಸೀಮೆಬದನೆ ಹೋದ ಬುಟ್ಟಿಯಲ್ಲಿ ನುಗ್ಗೆ ಸೊಪ್ಪು ಬರುತ್ತದೆ. ಕೆಲವು ಸಲ ಎಲ್ಲರ ಮನೆಯಲ್ಲೂ ಒಂದೇ ಕಾಯಿ ಬಿಟ್ಟು ಸೀಮೆಬದನೆ ಕೊಟ್ಟವರಿಗೆ ಸೀಮೆಬದನೆಯೇ ವಾಪಸ್ ಬಂದದ್ದೂ ಇದೆ. ಆಗ ಮುಖ ನೋಡಿಕೊಂಡು ನಗುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಅಮ್ಮನ ಊರಿನಲ್ಲಿ ಲೆಕ್ಕ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ತರಕಾರಿ ಗಿಡ ನಿಲ್ಲುವುದಿಲ್ಲ. ಬೇರು ಕೊಳೆಯುತ್ತದೆ, ಹೂವು ಉದುರುತ್ತದೆ. ಆ ನಾಲ್ಕು ತಿಂಗಳಿಗೆ ಬೇಸಿಗೆಯಲ್ಲೇ ಸಂಗ್ರಹ ಆಗಬೇಕು. ನಾನು ಚಿಕ್ಕವಳಿದ್ದಾಗ ಅಡುಗೆಮನೆಯ ಮಾಡಿಗೆ ಬಣ್ಣದ ಸೌತೆಕಾಯಿಗಳನ್ನು ಬಾಳೆ ನಾರಿನಲ್ಲಿ ಕಟ್ಟಿ ಸಾಲಾಗಿ ನೇತುಹಾಕುತ್ತಿದ್ದರು. ನೆಲಕ್ಕೆ ತಾಗದೆ, ಒಂದಕ್ಕೊಂದು ತಾಗದೆ, ಒಲೆಯ ಹೊಗೆ ಕುಡಿದುಕೊಂಡು ಅವು ಮಳೆಗಾಲ ಪೂರ್ತಿ ಉಳಿಯುತ್ತಿದ್ದವು. ಹಲಸಿನ ಸೊಳೆ ಉಪ್ಪಿನಲ್ಲಿ. ಬಲಿತ ಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಭಾರ ಇಡುತ್ತಿದ್ದರು. ಬೇಕಾದಾಗ ತೆಗೆದು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯಕ್ಕೂ ಆಯಿತು, ಅರೆದು ರೊಟ್ಟಿಗೂ ಆಯಿತು. ಈಗ ಹಲಸು ಹಣ್ಣಾಗುವವರೆಗೆ ಮರದಲ್ಲಿ ಬಿಡುವುದೇ ಕಷ್ಟ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ಕಾಟ ಇರುವ ಊರುಗಳಲ್ಲಿ ಹಣ್ಣಿನ ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ ಅಂತ ಎಳೇ ಗುಜ್ಜೆ ಇರುವಾಗಲೇ ಕೆಡವುತ್ತಾರೆ. ಗುಜ್ಜೆ ಪಲ್ಯ ರುಚಿಯೇ, ಆದರೆ ಇಷ್ಟು ಗುಜ್ಜೆಯನ್ನು ಯಾರು ತಿನ್ನುತ್ತಾರೆ? ಮಂಗಗಳ ಕಾಟಕ್ಕೆ ತರಕಾರಿ ಹಾಕುವುದನ್ನೇ ಬಿಟ್ಟ ಮನೆಗಳೂ ಅಲ್ಲಿ ಬೇಕಾದಷ್ಟಿವೆ. ಮಲೆನಾಡಿನ ಹಿತ್ತಲು ಅಂತ ಊರಿನಿಂದ ದೂರ ಇದ್ದುಕೊಂಡು ಹಾಡಿ ಹೊಗಳುವವರಿಗೆ ಇದು ಗೊತ್ತಿರುವುದಿಲ್ಲ.

ಆ ಮಳೆಯಲ್ಲೂ ತಾನಾಗಿ ಬರುವುದು ಕೆಸು. ಮಂಗನಿಗೂ ಬೇಡ, ದನಕ್ಕೂ ಬೇಡ. ಕಾರಣ ಅದರೊಳಗಿನ ಸೂಜಿಯಂಥ ಸಣ್ಣ ಹರಳುಗಳು, ಕ್ಯಾಲ್ಸಿಯಂ ಆಕ್ಸಲೇಟಿನವು. ಅವು ಬಾಯಿ, ಗಂಟಲಿಗೆ ಚುಚ್ಚಿ ತುರಿಕೆ ಎಬ್ಬಿಸುತ್ತವೆ. ಅದಕ್ಕೇ ಕೆಸುವಿನ ಅಡುಗೆಗೆ ಹುಣಸೆಹಣ್ಣು ಬೇರೆಲ್ಲಕ್ಕಿಂತ ಹೆಚ್ಚು, ಬೇಯಿಸುವ ಹೊತ್ತೂ ಹೆಚ್ಚು. ಪತ್ರೊಡೆಗೆ ನೆನೆದ ಅಕ್ಕಿ, ಕೊತ್ತಂಬರಿ ಬೀಜ, ಒಣಮೆಣಸು, ಹುಣಸೆ, ಬೆಲ್ಲ, ಉಪ್ಪು ಸೇರಿಸಿ ರುಬ್ಬಿ, ಎಲೆಯ ಬೆನ್ನಿಗೆ ಸವರಿ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಮರದ ಕೊಂಬೆಯ ಮೇಲೆ ಮಳೆಗಾಲದಲ್ಲಿ ಮಾತ್ರ ಹುಟ್ಟುವ ಮರಕೆಸು ಸಿಕ್ಕರೆ ಅಮ್ಮ ಫೋನ್ ಮಾಡುತ್ತಾಳೆ. "ಮರಕೆಸ ಸಿಕ್ಕಿದೆ ಕಣೇ, ಬರ್ತೀಯಾ ಹೆಂಗೆ?" ಚಾರ್ಮಾಡಿ ಕಡೆಯ ಮಳೆಯ ಸುದ್ದಿ ನೋಡಿಕೊಂಡು ಬಸ್ಸು ಹತ್ತುವುದು. ಅತ್ತೆಗೆ ಮಾತ್ರ ಪತ್ರೊಡೆ ಇವತ್ತಿಗೂ ಅನುಮಾನ. "ಗಂಟ್ಲು ಕೆರೆಯೋದನ್ನ ದುಡ್ಡಿಲ್ದೆ ತಿನ್ಬೋದು ಅಂತ ತಿಂತೀರಿ" ಅಂತಾರೆ.

ಅತ್ತೆಯ ಕಾಲ ಬರುವುದು ಚಳಿಗೆ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಬೇಲಿಯ ಅವರೆ ಬಳ್ಳಿ ಹೂವಿಗೆ ಬಂದಿರುತ್ತದೆ. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಮೇ ತಿಂಗಳಲ್ಲಿ ಬಿತ್ತಿದರೂ ಬರೀ ಬಳ್ಳಿ ಹಬ್ಬಿಸಿಕೊಂಡು ಕಾಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಗುಣ ಇಲ್ಲದ ಹೆಬ್ಬಾಳ ಅವರೆ ತಳಿಗಳನ್ನು ತಂದಿದ್ದಾರೆ, ಎಚ್‌ಎ-3, ಎಚ್‌ಎ-4 ಅಂತ. ಅದರಿಂದಲೇ ಈಗ ವರ್ಷವಿಡೀ ಅವರೆಕಾಯಿ ಸಿಗುತ್ತದೆ. ಬೆಳೆಯುವವರಿಗೆ ಅದು ಒಳ್ಳೇದೇ. ಆದರೆ ಏಪ್ರಿಲ್‌ನಲ್ಲಿ ಸಿಗುವ ಅವರೆಯಲ್ಲಿ ಅತ್ತೆ ಸೊಗಡು ಹುಡುಕುತ್ತಾರೆ, ಸಿಗದೆ ಬೈಯುತ್ತಾರೆ. ಸೊಗಡು ಇರುವುದು ಕಾಯಿಯ ಸಿಪ್ಪೆ ಮೇಲಿನ ಎಣ್ಣೆಯಂಥ ಅಂಟಿನಲ್ಲಿ. ಧನುರ್ಮಾಸದ ಚಳಿಯಲ್ಲಿ ಅವರೆಕಾಯಿ ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆದರೂ ವಾಸನೆ ಹೋಗುವುದಿಲ್ಲ, ಹೋಗಬಾರದು ಕೂಡ.

ಅವರೆ ಮೂಟೆಗಟ್ಟಲೆ ಬರುವ ಬೆಳೆ. ಆದರೆ ನಮಗೆ ಬೇಸರ ಬಂದದ್ದಿಲ್ಲ. ಉಪ್ಪಿಟ್ಟಿಗೆ, ರೊಟ್ಟಿಗೆ, ಸಾರಿಗೆ, ಬದನೆಕಾಯಿ ಜೊತೆ ಗೊಜ್ಜಿಗೆ. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಎರಡು ಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಟಕ್ಕನೆ ಹಾರುತ್ತದೆ. ಹಿತಕಿದ ಬೇಳೆ ಸಾರು ಮಾಡಬೇಕಾದರೆ ಒಬ್ಬರಿಂದ ಆಗುವ ಕೆಲಸ ಅಲ್ಲ. ಟಿವಿ ಮುಂದೆ ಮನೆಯವರೆಲ್ಲ ಕೂರಬೇಕು, ಅಡುಗೆಮನೆ ಕಡೆ ತಲೆ ಹಾಕದ ಗಂಡಸರೂ ಸೇರಿ. ಸಾರಿಗೆ ಮಸಾಲೆ ಕಡಿಮೆ ಹಾಕಿ. ಚಕ್ಕೆ ಲವಂಗ ಹೆಚ್ಚಾದರೆ ಇಷ್ಟು ಹೊತ್ತು ಹಿತುಕಿದ್ದು ದಂಡ.

ದುಡ್ಡು ಉಳಿಯುತ್ತದಾ ಅಂತ ಕೇಳುವವರಿದ್ದಾರೆ. ಇಲ್ಲ. ಗೊಬ್ಬರ, ಬೀಜ, ಬೇಸಿಗೆಯ ನೀರು, ಚಪ್ಪರದ ಗಳ ಎಲ್ಲ ಸೇರಿಸಿದರೆ ಸಂತೆಯಲ್ಲಿ ಕೊಳ್ಳುವುದೇ ಅಗ್ಗ. ಮಾರ್ಚ್, ಏಪ್ರಿಲ್‌ನಲ್ಲಿ ನಲ್ಲಿ ನೀರು ಯಾವ ದಿನ ಬರುತ್ತದೋ ನೋಡಿಕೊಂಡು, ಪಾತ್ರೆ ತೊಳೆದ ನೀರನ್ನೂ ಹೊತ್ತು ಹಾಕಿ ಗಿಡ ಉಳಿಸಿಕೊಳ್ಳುತ್ತೇವೆ. ಈರುಳ್ಳಿ, ಬೇಳೆ, ಎಣ್ಣೆ, ಅರ್ಧಕ್ಕೂ ಹೆಚ್ಚು ತರಕಾರಿ ಅಂಗಡಿಯಿಂದಲೇ ಬರುತ್ತದೆ. ಹಿತ್ತಲಿನ ಮೇಲೆ ಮನೆ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಅವರ ಮನೆಯ ಹಿತ್ತಲು ಎಕರೆಗಟ್ಟಲೆ ಇರಬೇಕು.

ಜಾಗ ಕಡಿಮೆ ಇರುವವರು ಟೊಮೆಟೊ, ಕ್ಯಾಪ್ಸಿಕಂ ಅಂತ ಶುರು ಮಾಡುತ್ತಾರೆ. ಬಾಲ್ಕನಿಯ ಕುಂಡದಲ್ಲಿ ನಾಲ್ಕು ಟೊಮೆಟೊ ಬಿಟ್ಟರೆ ಫೋಟೋ ತೆಗೆಯಬಹುದು, ಸಾರು ಆಗುವುದಿಲ್ಲ. ಹತ್ತು ಎಲೆಗೆ ಅಡುಗೆ ಆಗುವಂಥವನ್ನು ಮೊದಲು ಹಾಕಿ. ದೊಡ್ಡಪತ್ರೆ, ಒಂದೆಲಗ, ಕರಿಬೇವು, ಒಂದು ಸೂಜಿ ಮೆಣಸು, ಜಾಗ ಇದ್ದರೆ ಒಂದು ಬಸಳೆ ಬಳ್ಳಿ. ಒಂದೆಲಗಕ್ಕೆ ನೆರಳು, ತೇವ ಬೇಕು. ಪಾತ್ರೆ ತೊಳೆಯುವ ಕಡೆ ನೀರು ಹರಿಯುವ ಜಾಗ ಅದಕ್ಕೆ ಸರಿ, ಸೋಪಿನ ನೀರು ಮಾತ್ರ ಬೇಡ. ಬಸಳೆಗೆ ಬಲಿತ ದಂಟಿನ ತುಂಡು ನೆಟ್ಟರೆ ಸಾಕು. ದೊಡ್ಡಪತ್ರೆಗೆ ಬಲಿತ ದಂಟೂ ಬೇಡ. ಗೇಣುದ್ದ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು ಮಣ್ಣಿಗೆ ಚುಚ್ಚಿ, ನೀರು ಕಡಿಮೆ ಹಾಕಿ. ನೀರು ಜಾಸ್ತಿಯಾದರೆ ಕೊಳೆಯುತ್ತದೆ. ಎರಡು ವಾರದಲ್ಲಿ ಹೊಸ ಎಲೆ ಕಾಣದಿದ್ದರೆ ಇನ್ನೊಂದು ಕಡ್ಡಿ ಚುಚ್ಚಿ. ನಮ್ಮ ಬೀದಿಯವರಾದರೆ ಕಡ್ಡಿ ನಮ್ಮ ಮನೆಯಲ್ಲೇ ಇದೆ, ಜೊತೆಗೆ ಸೀಮೆಬದನೆಯನ್ನೂ ತೆಗೆದುಕೊಂಡು ಹೋಗಬೇಕು ಅನ್ನುವುದೊಂದೇ ಷರತ್ತು.